‘ನಮ್ಮನೆ’ ಅಂದರೆ ಯಾರ ಮನೆ?



ಕಳೆದ ರಾಜ್ಯೋತ್ಸವದ ಟಿಕೆಟ್ ನೋಂದಣಿ ಶನಿವಾರ ಸಂಜೆ ಆರಕ್ಕೆ ಶುರುವಾಗಬೇಕಿದ್ದದ್ದು ಏಳಕ್ಕೆ ಶುರುವಾಯಿತು, ನೆನಪಿದೆಯಲ್ಲ? “ಏನ್ರೀ, ಸೈಟ್ ತೆರೀತಾನೇ ಇಲ್ವಲ್ಲ!” ಅಂತ ಅಂದು ಫೋನ್ ಮಾಡಿದವರೆಲ್ಲರ ಕ್ಷಮೆ ಕೇಳಿ, ಆದದ್ದೇನು ಅಂತ ಹೇಳಿಬಿಡುತ್ತೇನೆ. ನಮ್ಮಲ್ಲಿ ಸಾಫ್ಟ್‌ವೇರ್‌ನವರೇ ಜಾಸ್ತಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಉಳಿದವರೂ ಓದಿ, ಹೆದರಬೇಡಿ!

ನೋಂದಣಿಯ ಪ್ರೋಗ್ರಾಮನ್ನು ಪೈಥಾನ್‌ನ ಫ್ಲಾಸ್ಕ್ ಬಳಸಿ ಬರೆದು ಡಾಕರ್ ಕಂಟೇನರ್ ಒಳಗೆ ಇಟ್ಟಿದ್ದೆ. ಕಂಟೇನರ್ ಅಂದರೆ ಬೆಂಗಳೂರಿನ ಹಳೇ ವಠಾರದ ಒಂದು ಮನೆ ಇದ್ದ ಹಾಗೆ. ನೆಲ, ನಲ್ಲಿ, ಗೇಟು ಎಲ್ಲರಿಗೂ ಒಂದೇ. ಬಾಗಿಲು ಬೇರೆ ಬೇರೆ. ಪ್ರತಿ ಕಂಟೇನರ್‌ಗೂ ತನ್ನದೇ ಐಪಿ ವಿಳಾಸ, ತನ್ನದೇ ಪೋರ್ಟುಗಳು.

ಇಲ್ಲಿ 127.0.0.1 ಎಂಬ ವಿಳಾಸಕ್ಕೆ ‘ನಮ್ಮನೆ’ ಅಂತ ಅರ್ಥ. ಯಾರು ಹೇಳುತ್ತಾರೋ ಅವರ ಮನೆ! ಫ್ಲಾಸ್ಕ್ ತಾನಾಗಿ 127.0.0.1ರ 5000ನೇ ಪೋರ್ಟಿನಲ್ಲಿ ಮಾತ್ರ ಕಿವಿಗೊಡುತ್ತದೆ. ಲ್ಯಾಪ್‌ಟಾಪಿನಲ್ಲಿ ಡಾಕರ್ ಇಲ್ಲದೆ ಓಡಿಸಿದಾಗ ಅದೇ ಸಾಕಾಗಿತ್ತು. ಕಂಟೇನರ್ ಒಳಗೆ ಹೋದ ಮೇಲೆ ಅದು ಮನೆಯೊಳಗಿನವರ ಮಾತನ್ನಷ್ಟೇ ಕೇಳುತ್ತಿತ್ತು, ಬಾಗಿಲು ತಟ್ಟಿದವರದ್ದನ್ನಲ್ಲ.

ಇಂಥ ತೊಂದರೆಯನ್ನು ಒಳಗಿನಿಂದ ಹೊರಕ್ಕೆ ಹುಡುಕುತ್ತಾ ಬರಬೇಕು:

1. ‘ಡಾಕರ್ ಪಿಎಸ್’ ಕೊಟ್ಟು ಕಂಟೇನರ್ ಓಡುತ್ತಿದೆಯೇ ನೋಡಿ. ಪೋರ್ಟ್ ಕಾಲಂನಲ್ಲಿ ಬರೀ 5000 ಇದ್ದರೆ ಹೊರಗಿನವರಿಗೆ ದಾರಿಯೇ ಇಲ್ಲ. ಹೊರಗಿನ 8080ರಿಂದ ಒಳಗಿನ 5000ಕ್ಕೆ ಬಾಣದ ಗುರುತು ಇರಬೇಕು. ಡಾಕರ್‌ಫೈಲ್‌ನಲ್ಲಿ ‘ಎಕ್ಸ್‌ಪೋಸ್’ ಎಂದು ಬರೆದ ಮಾತ್ರಕ್ಕೆ ಪೋರ್ಟ್ ತೆರೆಯುವುದಿಲ್ಲ.

2. ಕಂಟೇನರ್ ಒಳಗೇ ಹೋಗಿ 5000ವನ್ನು ಕೇಳಿ. ಉತ್ತರ ಬಂದರೆ ಪ್ರೋಗ್ರಾಂ ಸರಿ ಇದೆ.

3. ಆಮೇಲೆ ಸರ್ವರ್‌ನಿಂದ 8080 ಕೇಳಿ. ನನಗೆ ‘ಕನೆಕ್ಷನ್ ರೀಸೆಟ್’ ಬಂತು. ಕೇಳಿಸಿಕೊಳ್ಳುವ ವಿಳಾಸವನ್ನು 0.0.0.0 ಎಂದು, ಅಂದರೆ ‘ಯಾವ ಬಾಗಿಲಿಗೆ ಬಂದರೂ ಸರಿ’ ಎಂದು ಬದಲಿಸಿದೆ. ಸರಿಹೋಯಿತು.

4. ಕೊನೆಗೆ ಹೊರಗಿನ ಗಣಕದಿಂದ ಕೇಳಿ. ಇಲ್ಲಿ ಉತ್ತರವೇ ಇಲ್ಲದೆ ಕಾಯುತ್ತಾ ಕೂತರೆ ಫೈರ್‌ವಾಲ್ ಮೇಲೆ ಅನುಮಾನ ಪಡಿ.

ಪುಟ ತೆರೆಯಿತು, ಆದರೆ ಹೆಸರು ಸೇವ್ ಆಗಲಿಲ್ಲ! ಡೇಟಾಬೇಸ್ ಇದ್ದದ್ದು ಇನ್ನೊಂದು ಕಂಟೇನರ್‌ನಲ್ಲಿ. ನನ್ನ ಪ್ರೋಗ್ರಾಂ ಅದನ್ನು 127.0.0.1ರಲ್ಲಿ, ಅಂದರೆ ತನ್ನ ಮನೆಯಲ್ಲೇ ಹುಡುಕುತ್ತಿತ್ತು. ಅದೇ ತಪ್ಪು, ಎರಡನೇ ಸಲ. ಗಡಿಬಿಡಿಯಲ್ಲಿ ಡೇಟಾಬೇಸಿನ 5432ನೇ ಪೋರ್ಟನ್ನೂ ಹೊರಕ್ಕೆ ತೆರೆದು, ಸರ್ವರ್‌ನ ವಿಳಾಸ ಕೊಟ್ಟೆ. ಏಳಕ್ಕೆ ನೋಂದಣಿ ಶುರು, ಎಲ್ಲರೂ ಖುಷಿ.

ರಾತ್ರಿ ಹತ್ತಕ್ಕೆ ಲಾಗ್ ನೋಡಿದರೆ ಎದೆ ಧಸಕ್ಕೆಂದಿತು. ಯಾರೋ ಅಪರಿಚಿತರು ಪಾಸ್‌ವರ್ಡ್ ಊಹಿಸುತ್ತಿದ್ದರು. ಯುಎಫ್‌ಡಬ್ಲ್ಯು ಫೈರ್‌ವಾಲ್ ಇತ್ತಲ್ಲ ಅಂದುಕೊಂಡಿದ್ದೆ. ಆದರೆ ಡಾಕರ್ ತಾನು ತೆರೆದ ಪೋರ್ಟಿಗೆ ತಾನೇ ಐಪಿಟೇಬಲ್ಸ್ ನಿಯಮ ಬರೆಯುತ್ತದೆ. ಬಂದವರು ಯುಎಫ್‌ಡಬ್ಲ್ಯು ಕಣ್ಣಿಗೆ ಬೀಳದೆಯೇ ಒಳಗೆ ಹೋಗುತ್ತಾರೆ. ಆ ಡೇಟಾಬೇಸಿನಲ್ಲಿ ಇದ್ದದ್ದು ನಿಮ್ಮ ಫೋನ್ ನಂಬರು, ನಿಮ್ಮ ಮಕ್ಕಳ ಹೆಸರು.

ಪ್ರತಿ ಸಂಪರ್ಕವನ್ನೂ ದಾಖಲಿಸುವ ಸೆಟ್ಟಿಂಗ್ ಹಾಕಿದ್ದರಿಂದ ಯಾರೂ ಒಳಗೆ ಬಂದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಪಾಸ್‌ವರ್ಡ್ ಬದಲಿಸಿ, ಅಂದೇ ರಾತ್ರಿ ಸಮಿತಿಯವರಿಗೂ ತಿಳಿಸಿದೆ.

ಸರಿಯಾದ ದಾರಿ ಸುಲಭದ್ದೇ ಇತ್ತು. ಎರಡೂ ಕಂಟೇನರ್‌ಗಳನ್ನು ನಾವೇ ರಚಿಸಿದ ಒಂದು ಡಾಕರ್ ನೆಟ್‌ವರ್ಕಿಗೆ ಸೇರಿಸಿದರೆ ಅವು ಹೆಸರು ಹಿಡಿದೇ ಒಂದನ್ನೊಂದು ಕರೆಯುತ್ತವೆ. 5432ನ್ನು ಹೊರಗೆ ತೆರೆಯುವುದೇ ಬೇಕಿಲ್ಲ. ಸರ್ವರ್‌ನಿಂದ ನೋಡಲು ಬೇಕೇ ಬೇಕೆಂದರೆ ತೆರೆಯುವಾಗ ಪೋರ್ಟಿನ ಮುಂದೆ 127.0.0.1 ಸೇರಿಸಿ.

ಬಾಗಿಲು ತೆರೆಯಲಿಲ್ಲ ಅಂತ ಫೋನ್ ಮಾಡಲು ನೂರು ಜನ ಇರುತ್ತಾರೆ. ತೆರೆದೇ ಇದೆ ಅಂತ ಹೇಳಲು ಯಾರೂ ಇರುವುದಿಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.