ನ್ಯಾಯಾಲಯದ ರಹಸ್ಯಚಿತ್ರವೂ ಪ್ರೇಕ್ಷಕರ ತೀರ್ಪೂ

ಕೋರ್ಟಿನ ಕಥೆಯುಳ್ಳ ರಹಸ್ಯಚಿತ್ರವೊಂದು ಊರಿಗೆ ಬಂದರೆ ತೀರ್ಪುಗಳು ಎರಡಾಗುತ್ತವೆ. ಒಂದನ್ನು ಪರದೆಯ ಮೇಲಿನ ನ್ಯಾಯಾಧೀಶರು ಕೊಡುತ್ತಾರೆ. ಇನ್ನೊಂದನ್ನು ಚಿತ್ರಮಂದಿರದಿಂದ ಹೊರಬಿದ್ದ ಜನ ಕೊಡುತ್ತಾರೆ. ಗದಗ-ಬೆಟಗೇರಿಯಲ್ಲಿ ಆಟ ಮುಗಿಸಿಕೊಂಡು ಮಿರ್ಚಿ-ಗಿರ್ಮಿಟ್ಟಿನ ಅಂಗಡಿಯ ಮುಂದೆ ನಿಂತವರಲ್ಲಾಗಲಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಬಸ್ಸು ಹತ್ತಿದವರಲ್ಲಾಗಲಿ, ಈ ಎರಡನೆಯ ತೀರ್ಪು ಒಮ್ಮತದಿಂದ ಹೊರಬೀಳುವುದು ಅಪರೂಪ. “ಖೂನಿ ಮಾಡಿದಾಂವ ಯಾರಂತ ನನಗ ಅರ್ಧಾ ಸಿನೇಮಾಕ್ಕ ಗೊತ್ತಾಗಿತ್ತು” ಎನ್ನುತ್ತಾರೆ ಒಬ್ಬರು. “ಅಂಥಾ ಕೋರ್ಟು ಎಲ್ಲೈತ್ರಿ?” ಎಂದು ನಗುತ್ತಾರೆ, ಕೋರ್ಟಿನ ಮೆಟ್ಟಿಲು ಹತ್ತಿ ಇಳಿದ ಇನ್ನೊಬ್ಬರು. “ಏನರ ಆಗಲಿ, ಬಡವಗ ನ್ಯಾಯ ಸಿಕ್ತಲ್ಲ, ಅಷ್ಟ ಸಾಕು” ಎನ್ನುತ್ತಾರೆ ಮನೆಯ ಹಿರಿಯ ತಾಯಿ.

ಈ ಮೂವರೂ ಒಂದೇ ಚಿತ್ರವನ್ನು ನೋಡಿದವರು. ಆದರೆ ಅವರು ಉತ್ತರಿಸುತ್ತಿರುವ ಪ್ರಶ್ನೆ ಒಂದೇ ಅಲ್ಲ. ಮೊದಲನೆಯವರು ಒಗಟಿನ ಕಟ್ಟುವಿಕೆಯನ್ನು ತೂಗುತ್ತಾರೆ, ಎರಡನೆಯವರು ನ್ಯಾಯಾಲಯದ ಚಿತ್ರಣವನ್ನು, ಮೂರನೆಯವರು ನ್ಯಾಯವನ್ನೇ. ಈ ಮೂರನ್ನು ಬೇರೆ ಬೇರೆಯಾಗಿ ತೂಗಿದರೆ ಜಗಳ ಕಡಿಮೆಯಾಗಿ ಮಾತಿಗೆ ಬೆಲೆ ಬರುತ್ತದೆ.

ಮೊದಲು ಒಗಟಿನ ಮಾತು. ರಹಸ್ಯಚಿತ್ರ ಪ್ರೇಕ್ಷಕನಿಗೆ ಕೊನೆಯವರೆಗೂ ಸತ್ಯವನ್ನು ಮುಚ್ಚಿಡಬಹುದು. ಸುಳಿವನ್ನು ಮಾತ್ರ ಮುಚ್ಚಿಡಬಾರದು. ಕೊನೆಯ ದೃಶ್ಯ ಕಂಡ ಬಳಿಕ “ಅಯ್ಯೋ, ಇದು ಕಣ್ಣೆದುರಿಗೇ ಇತ್ತಲ್ಲ” ಎನ್ನಿಸಿದರೆ ಚಿತ್ರ ಗೆದ್ದಿತು. “ಇದನ್ನು ನಮಗೆ ತೋರಿಸಿರಲೇ ಇಲ್ಲವಲ್ಲ” ಎನ್ನಿಸಿದರೆ ಅದು ಜಾಣ್ಮೆಯಲ್ಲ, ಮೋಸ. ಅಗಾಥಾ ಕ್ರಿಸ್ಟಿಯವರ ಕಥೆಯಿಂದ 1957ರಲ್ಲಿ ತಯಾರಾದ ‘ವಿಟ್ನೆಸ್ ಫಾರ್ ದ ಪ್ರಾಸಿಕ್ಯೂಷನ್’ ಚಿತ್ರದ ಕೊನೆಯಲ್ಲಿ, ಮುಕ್ತಾಯವನ್ನು ಯಾರಿಗೂ ಹೇಳಬೇಡಿರೆಂದು ಪ್ರೇಕ್ಷಕರನ್ನೇ ಕೇಳಿಕೊಳ್ಳಲಾಗಿತ್ತು. ನಮ್ಮಲ್ಲಿ ಬಿ. ಆರ್. ಚೋಪ್ರಾ ಅವರು 1960ರಲ್ಲಿ ಒಂದು ಹಾಡೂ ಇಲ್ಲದೆ ‘ಕಾನೂನ್’ ಎಂಬ ಹಿಂದಿ ಚಿತ್ರ ಮಾಡಿದರು. ಕೊಲೆಯಾದ ಸ್ಥಳದಲ್ಲಿ ತರುಣ ವಕೀಲನಿಗೆ ಕಾಣಿಸಿದವರು ತಾನು ಮದುವೆಯಾಗಲಿರುವ ಹುಡುಗಿಯ ತಂದೆ. ಅವರೇ ನ್ಯಾಯಾಧೀಶರು, ಸಿಕ್ಕಿಬಿದ್ದ ಬಡ ಕಳ್ಳನ ವಿಚಾರಣೆ ನಡೆಯುವುದೂ ಅವರೆದುರಿಗೇ. ಮುಂದಿನದನ್ನು ಇಲ್ಲಿ ಹೇಳುವುದು ಧರ್ಮವಲ್ಲ. ಹಾಡಿಲ್ಲದೆ ಪ್ರೇಕ್ಷಕರನ್ನು ಹಿಡಿದು ಕೂಡಿಸಬಲ್ಲ ಶಕ್ತಿ ಸವಾಲು-ಜವಾಬಿಗೆ ಉಂಟೆಂಬುದನ್ನು ಆ ಚಿತ್ರ ತೋರಿಸಿಕೊಟ್ಟಿತು. ಕೋರ್ಟಿನ ಕಥೆಯಲ್ಲದಿದ್ದರೂ, ಸುನೀಲ್‌ಕುಮಾರ್ ದೇಸಾಯಿಯವರ 1989ರ ‘ತರ್ಕ’ ಕನ್ನಡದಲ್ಲಿ ಇದೇ ಧೈರ್ಯ ಮಾಡಿತು.

ಎರಡನೆಯದು ನ್ಯಾಯಾಲಯದ ಚಿತ್ರಣ. ಸಾಕ್ಷಿಯು ಗೀತೆಯ ಮೇಲೆ ಕೈಯಿಟ್ಟು ಆಣೆ ಮಾಡುವುದು ಸಿನೇಮಾದ ವಾಡಿಕೆ. 1969ರ ಪ್ರಮಾಣವಚನ ಕಾಯಿದೆಯಂತೆ ಸಾಕ್ಷಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ಆತ್ಮಸಾಕ್ಷಿಯಾಗಿ ದೃಢಪಡಿಸಬಹುದು, ಗ್ರಂಥ ಬೇಕಿಲ್ಲ. ಕೊನೆಯ ಗಳಿಗೆಯಲ್ಲಿ ಬಾಗಿಲು ತೆರೆದು ಧಾವಿಸಿ ಬರುವ ಸಾಕ್ಷಿಯ ವಿಷಯವೇನು? ಸರಕಾರದ ಪರವಾಗಿ ಹಾಜರಾಗುವ ಸಾಕ್ಷಿದಾರರ ಹೆಸರುಗಳು ದೋಷಾರೋಪಣ ಪತ್ರದಲ್ಲಿಯೇ ಇರಬೇಕು. ಅದರ ಪ್ರತಿ ಆರೋಪಿಗೆ ಮೊದಲೇ ಸಲ್ಲಬೇಕು. ಆದರೂ ನ್ಯಾಯ ನಿರ್ಣಯಕ್ಕೆ ಅಗತ್ಯವೆಂದು ಕಂಡರೆ ಯಾವ ಹಂತದಲ್ಲಿಯೂ ಯಾರನ್ನಾದರೂ ಸಾಕ್ಷಿಗೆ ಕರೆಸುವ ಅಧಿಕಾರ ನ್ಯಾಯಾಲಯಕ್ಕೆ ಇದೆ. ಆದ್ದರಿಂದ ಅಂಥ ದೃಶ್ಯವೆಲ್ಲ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಪೋಲೀಸರ ಮುಂದೆ ಆರೋಪಿ ತಪ್ಪೊಪ್ಪಿಕೊಂಡನೆಂದು ಕಥೆ ಮುಗಿಸುವ ಚಿತ್ರ ಮಾತ್ರ ದೊಡ್ಡ ತಪ್ಪು ಮಾಡುತ್ತದೆ. ಪೋಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಪುರಾವೆಯಾಗಿ ಹಿಡಿಯಬಾರದೆಂಬ ನಿಯಮ 1872ರ ಸಾಕ್ಷ್ಯ ಕಾಯಿದೆಯಲ್ಲಿ ಇತ್ತು. 2024ರ ಜುಲೈ 1ರಿಂದ ಅದರ ಸ್ಥಳದಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಲ್ಲಿಯೂ ಇದೆ.

ಈ ನಿಯಮಗಳ ಬೆಲೆ ತಿಳಿಯಬೇಕಾದರೆ ಮೂರನೆಯ ಪ್ರಶ್ನೆಗೆ, ಎಂದರೆ ನ್ಯಾಯದ ಮಾತಿಗೆ ಬರಬೇಕು. 2019ರಲ್ಲಿ ತೆರೆಕಂಡ ಎಂ. ಜಿ. ಶ್ರೀನಿವಾಸ್ ಅವರ ‘ಬೀರಬಲ್’ ಇದಕ್ಕೆ ಒಳ್ಳೆಯ ಉದಾಹರಣೆ. ಕೊಲೆಗೆ ಸಾಕ್ಷಿಯಾದ ತರುಣನೇ ಕೊಲೆಗಾರನೆನಿಸಿಕೊಂಡು ಸೆರೆಮನೆ ಸೇರುತ್ತಾನೆ. ಮಹೇಶ್ ದಾಸ್ ಎಂಬ ವಕೀಲ ಮುಗಿದುಹೋದ ಆ ಮೊಕದ್ದಮೆಯ ಗಂಟನ್ನು ಮತ್ತೆ ಬಿಚ್ಚುತ್ತಾನೆ. ಇದಕ್ಕೆ ಸ್ಫೂರ್ತಿ 2017ರ ಕೊರಿಯಾ ಚಿತ್ರ ‘ನ್ಯೂ ಟ್ರಯಲ್’. ಆ ಚಿತ್ರದ ಹಿಂದೆ ನಿಜವಾದ ಘಟನೆಯೇ ಇತ್ತು. ದಕ್ಷಿಣ ಕೊರಿಯಾದ ಇಕ್ಸಾನ್ ನಗರದಲ್ಲಿ 2000ದಲ್ಲಿ ಟ್ಯಾಕ್ಸಿ ಚಾಲಕನೊಬ್ಬನ ಕೊಲೆಯಾಯಿತು. ಕಂಡದ್ದನ್ನು ಹೇಳಿದ ಹುಡುಗನ ಮೇಲೆಯೇ ಆರೋಪ ಬಿತ್ತು. ಅವನಿಂದ ತಪ್ಪೊಪ್ಪಿಗೆ ಪಡೆಯಲಾಯಿತು. ಅವನು ಹತ್ತು ವರುಷ ಸೆರೆಮನೆಯಲ್ಲಿ ಕಳೆದ. ಮರುವಿಚಾರಣೆಯಲ್ಲಿ ನಿರಪರಾಧಿಯೆಂದು ತೀರ್ಪು ಬಂದದ್ದು 2016ರಲ್ಲಿ. ಅವನ ತಾರುಣ್ಯವನ್ನು ಯಾವ ತೀರ್ಪು ತಾನೇ ಮರಳಿ ಕೊಟ್ಟೀತು?

ನ್ಯಾಯದ ಪ್ರಶ್ನೆಯನ್ನು ಪ್ರೇಕ್ಷಕರ ಮುಂದಿಡುವುದು ಗದಗಿನ ನಾಡಿಗೆ ಹೊಸದಲ್ಲ. ಇಲ್ಲಿಯ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ರಚಿಸಿದನೆಂಬುದು ಪ್ರತೀತಿ. ಅದರ ಸಭಾಪರ್ವದಲ್ಲಿ ದ್ರೌಪದಿ ಎತ್ತುವುದು ಕಾನೂನಿನ ಪ್ರಶ್ನೆಯೇ: ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರವೆಲ್ಲಿ? ಗಮಕ ವಾಚನ ಕೇಳುತ್ತ ಕುಳಿತವನೂ ಆ ಸಭೆಯ ಸಭಾಸದನೇ. ಅವನೂ ಮನಸ್ಸಿನಲ್ಲಿ ಉತ್ತರ ಕೊಡಬೇಕಾಗುತ್ತದೆ. ನಮ್ಮ ಕಾಲಕ್ಕೆ ಬಂದರೆ, ಕರ್ನಾಟಕದ ಏಕೀಕರಣದ ಹಾಡು ಕೊಟ್ಟ ಹುಯಿಲಗೋಳ ನಾರಾಯಣರಾಯರು (1884–1971) ಗದಗಿನಲ್ಲಿ ವಕೀಲರೂ ಆಗಿದ್ದರು, ನಾಟಕಕಾರರೂ ಆಗಿದ್ದರು.

ಆದರೆ ಜನರ ಒಲವು ನಿಜವಾದ ತೀರ್ಪನ್ನೇ ಎಳೆದೊಯ್ದ ಉದಾಹರಣೆಯೂ ಇದೆ. 1959ರಲ್ಲಿ ಮುಂಬಯಿಯಲ್ಲಿ ನೌಕಾದಳದ ಕಮಾಂಡರ್ ನಾನಾವತಿ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ. ಆಗ ಅಲ್ಲಿ ಜ್ಯೂರಿ ಪದ್ಧತಿ ಇತ್ತು. ಊರಿನ ಒಂಬತ್ತು ಮಂದಿ ಕುಳಿತು ವಿಚಾರಣೆ ಕೇಳಿದರು. ‘ಬ್ಲಿಟ್ಸ್’ ವಾರಪತ್ರಿಕೆ ಆರೋಪಿಯ ಪರವಾಗಿ ಬರೆಯಿತು. ಜನರ ಅನುಕಂಪ ಅವನ ಕಡೆಗೇ ಹರಿಯಿತು. ಒಂಬತ್ತರಲ್ಲಿ ಎಂಟು ಮಂದಿ ನಿರ್ದೋಷಿ ಎಂದರು. ಆ ನಿರ್ಣಯವನ್ನು ಒಪ್ಪದ ನ್ಯಾಯಾಧೀಶರು ಹೈಕೋರ್ಟಿಗೆ ಬರೆದರು. ಹೈಕೋರ್ಟು ಆಜೀವ ಶಿಕ್ಷೆ ವಿಧಿಸಿತು; 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ.

ಜ್ಯೂರಿ ಹೋದರೂ ಜ್ಯೂರಿಯ ಕುರ್ಚಿ ಹೋಗಲಿಲ್ಲ. ಅದು ಚಿತ್ರಮಂದಿರಕ್ಕೂ ಅಂಗಡಿಯ ಕಟ್ಟೆಗೂ ಬಂದಿತು, ಅಷ್ಟೆ. ಚಿತ್ರದಲ್ಲಿ ಹಿನ್ನೆಲೆಯ ಸಂಗೀತ ಗಡುಸಾದೊಡನೆ, ನಟನ ಹುಬ್ಬು ಗಂಟಿಕ್ಕಿದೊಡನೆ “ಇವನೇ ಅಪರಾಧಿ” ಎಂದು ನಾವು ನಿಶ್ಚಯಿಸಿಬಿಡುತ್ತೇವೆ. ಸಿನೇಮಾದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಓಣಿಯಲ್ಲಿ ಯಾರನ್ನೋ ಪೋಲೀಸರು ಕರೆದೊಯ್ದ ದಿನವೂ ಇದೇ ಚಾಳಿ ಮುಂದುವರಿದರೆ, ಕೋರ್ಟು ಬಿಡುಗಡೆ ಮಾಡಿದ ಮೇಲೂ ಆ ಮನೆಯವರು ತಲೆಯೆತ್ತಿ ತಿರುಗುವಂತಿಲ್ಲ.

ಆದುದರಿಂದ ಇಂಥ ಚಿತ್ರ ನೋಡಿ ಬಂದಾಗ ಮನೆಮಂದಿ ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾದ ಪ್ರಶ್ನೆ “ಚಿತ್ರ ಹೇಗಿತ್ತು?” ಎಂಬುದಷ್ಟೇ ಅಲ್ಲ. “ನೀನು ಯಾರನ್ನು ಅಪರಾಧಿಯೆಂದುಕೊಂಡೆ? ಯಾವಾಗ? ಯಾವ ಪುರಾವೆಯಿಂದ?” ಎಂದೂ ಕೇಳಬೇಕು. ಉತ್ತರ ಹುಡುಕುವಾಗ ನಗೆ ಬರುತ್ತದೆ, ಕೆಲವೊಮ್ಮೆ ನಾಚಿಕೆಯೂ ಆಗುತ್ತದೆ. ಅಷ್ಟು ಮಾಡಿಸಿದ ಚಿತ್ರ ಕೊಟ್ಟ ಹಣಕ್ಕೆ ಮೋಸ ಮಾಡಲಿಲ್ಲವೆಂದೇ ತಿಳಿಯಬೇಕು. ಇನ್ನೊಂದು ಮಾತು: ನಾಳೆಯ ಆಟಕ್ಕೆ ಹೋಗುವವರಿಗೆ ಕೊಲೆಗಾರನ ಹೆಸರು ಮಾತ್ರ ಹೇಳಬೇಡಿರಿ.