ಏಳು ಮಾತುಗಳ ನಡುವೆ ಒಂದು ಕೂಗು

ಶುಭ ಶುಕ್ರವಾರದ ಮಧ್ಯಾಹ್ನ ಹನ್ನೆರಡು ಗಂಟೆ. ಹೊರಗೆ ಬೇಸಿಗೆಯ ಝಳ, ಒಳಗೆ ಬೆಂಚುಗಳ ತುಂಬ ಉಪವಾಸವಿದ್ದ ಜನ. ಮೂರು ಗಂಟೆಯ ಆರಾಧನೆ, ಏಳು ಪ್ರಸಂಗ. ಯೇಸು ಶಿಲುಬೆಯ ಮೇಲಿಂದ ಆಡಿದ ಒಂದೊಂದು ಮಾತಿಗೂ ಒಂದೊಂದು. ಚಿಕ್ಕಂದಿನಲ್ಲಿ ಅಮ್ಮನ ಪಕ್ಕ ಕೂತು ನಾನು ಅವನ್ನು ಬೆರಳು ಮಡಚಿ ಎಣಿಸುತ್ತಿದ್ದೆ. ಮುಂದೆ ಬೈಬಲಿನಲ್ಲಿ ಹುಡುಕಿದಾಗ ಏಳೂ ಒಂದೇ ಕಡೆ ಸಿಗಲಿಲ್ಲ.

ಸಿಗುವುದೂ ಇಲ್ಲ. ಕೊಲ್ಲುವವರನ್ನು ಕ್ಷಮಿಸೆಂಬ ಬೇಡಿಕೆ, ಪಕ್ಕದ ಕಳ್ಳನಿಗೆ ಕೊಟ್ಟ ಭಾಷೆ, ತಂದೆಯ ಕೈಗೆ ಪ್ರಾಣ ಒಪ್ಪಿಸಿದ್ದು, ಈ ಮೂರು ಲೂಕನ ಸುವಾರ್ತೆಯಲ್ಲಿವೆ. ತಾಯಿಯನ್ನು ಶಿಷ್ಯನಿಗೆ ವಹಿಸಿದ್ದು, ಬಾಯಾರಿಕೆ, ಎಲ್ಲ ನೆರವೇರಿತೆಂಬ ಮಾತು ಯೋಹಾನನವು. ಮಾರ್ಕ, ಮತ್ತಾಯರು ಬರೆದದ್ದು ಒಂದನ್ನೇ: ದೇವರೇ, ಯಾಕೆ ನನ್ನ ಕೈಬಿಟ್ಟೆ ಎಂಬ ಕೂಗು.

ನಾಲ್ಕು ಸುವಾರ್ತೆಗಳನ್ನು ಒಂದೇ ಕಥೆಯಾಗಿ ಹೆಣೆಯುವ ಕೆಲಸವನ್ನು 2ನೇ ಶತಮಾನದಲ್ಲೇ ತಾತಿಯಾನ್ ಎಂಬ ಕ್ರೈಸ್ತ ಬರಹಗಾರ ಮಾಡಿದ್ದ. 12ನೇ ಶತಮಾನದಲ್ಲಿ ಫ್ರಾನ್ಸಿನ ಬೊನ್‌ವಾಲ್ ಮಠದ ಅರ್ನಾಲ್ಡ್ ಈ ಏಳು ಮಾತುಗಳ ಮೇಲೆಯೇ ಗ್ರಂಥ ಬರೆದ. 1618ರಲ್ಲಿ ಕಾರ್ಡಿನಲ್ ಬೆಲ್ಲಾರ್ಮಿನೊ ಕೂಡ ಇವುಗಳ ಮೇಲೆ ಬರೆದ.

ಮೂರು ಗಂಟೆಯ ಆರಾಧನೆ ರೂಪುಗೊಂಡದ್ದು ದಕ್ಷಿಣ ಅಮೆರಿಕದ ಪೆರುವಿನಲ್ಲಿ. 1687ರ ಅಕ್ಟೋಬರ್‌ನಲ್ಲಿ ಲಿಮಾ ನಗರ ಭೂಕಂಪಕ್ಕೆ ಕುಸಿಯಿತು. ಆ ತಲೆಮಾರಿನ ಲಿಮಾದ ಜೆಸ್ವಿಟ್ ಪಾದ್ರಿ ಅಲೊನ್ಸೊ ಮೆಸ್ಸಿಯಾ ಹನ್ನೆರಡರಿಂದ ಮೂರರವರೆಗಿನ ಈ ಧ್ಯಾನವನ್ನು ರೂಢಿಗೆ ತಂದರು. ಅದು ಸಮುದ್ರ ದಾಟಿ ಸ್ಪೇನಿಗೆ, ರೋಮಿಗೆ ಹೋಯಿತು. ಮುಂದೆ ಆಂಗ್ಲಿಕನ್ನರೂ ಅದನ್ನು ತಮ್ಮದಾಗಿಸಿಕೊಂಡರು.

ಸ್ಪೇನಿನ ಕಾದಿಸ್‌ನಲ್ಲಿ ಅದು ನಡೆಯುತ್ತಿದ್ದ ರೀತಿಯನ್ನು ಸಂಗೀತಗಾರ ಹೈಡನ್ 1801ರಲ್ಲಿ ಬರೆದಿಟ್ಟಿದ್ದಾನೆ. ಗೋಡೆ, ಕಿಟಕಿ, ಕಂಬಗಳಿಗೆಲ್ಲ ಕಪ್ಪು ಬಟ್ಟೆ. ನಡುವೆ ತೂಗುವ ಒಂದೇ ದೊಡ್ಡ ದೀಪ. ಬಾಗಿಲು ಮುಚ್ಚುತ್ತಿತ್ತು. ಬಿಷಪ್ ಪೀಠವೇರಿ ಒಂದು ಮಾತನ್ನು ಹೇಳಿ, ವಿವರಿಸಿ, ಇಳಿದು ಬಂದು ವೇದಿಯ ಮುಂದೆ ಮೊಣಕಾಲೂರುತ್ತಿದ್ದರು. ಆ ಮೌನಕ್ಕಾಗಿ ಹೈಡನ್ ಏಳು ನಿಧಾನ ರಚನೆಗಳನ್ನು ಮಾಡಿದ. ಕೊನೆಗೆ ಯೇಸುವಿನ ಸಾವಿನ ಹೊತ್ತಿನ ಭೂಕಂಪವನ್ನೂ ನುಡಿಸಿದ.

ಆದರೆ ಈ ಮಾತುಗಳ ಅರ್ಥ ಏನೆಂಬುದರಲ್ಲಿ ಕ್ರೈಸ್ತರು ಒಂದೇ ದನಿಯವರಲ್ಲ. ಕ್ಷಮೆಯ ಪ್ರಾರ್ಥನೆ ಕೆಲವು ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ. ಆದರೂ ಯಾವ ಸಭೆಯೂ ಅದನ್ನು ಬಿಟ್ಟುಕೊಡಲಿಲ್ಲ. ಎಲ್ಲ ನೆರವೇರಿತೆಂಬುದಕ್ಕೆ ಯೋಹಾನ ಬಳಸಿದ ‘ತೆತೆಲೆಸ್ತಾಯ್’ ಎಂಬ ಗ್ರೀಕ್ ಪದದ ಕ್ರಿಯಾಪದಕ್ಕೆ ಪೂರೈಸುವುದು, ತೆರಿಗೆ ಸಲ್ಲಿಸುವುದು ಎಂಬ ಎರಡೂ ಅರ್ಥಗಳಿವೆ. ಹಳೆಯ ಕನ್ನಡ ಸತ್ಯವೇದ ಅದಕ್ಕೆ ‘ತೀರಿತು’ ಎಂದಿತು. ಸಾಲವೂ ತೀರುತ್ತದೆ, ಕೆಲಸವೂ ತೀರುತ್ತದೆ, ಮನುಷ್ಯನೂ ತೀರಿಕೊಳ್ಳುತ್ತಾನೆ. ನಮ್ಮ ಒಂದು ಪದದಲ್ಲಿ ಮೂರೂ ಇವೆ. ಆ ಅನುವಾದಕರಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಎಲ್ಲಕ್ಕಿಂತ ಕಷ್ಟದ್ದು ಕೈಬಿಟ್ಟೆಯೇಕೆಂಬ ಕೂಗು. ಅದು 22ನೇ ಕೀರ್ತನೆಯ ಆರಂಭ, ಆ ಕೀರ್ತನೆ ಸ್ತುತಿಯಲ್ಲಿ ಮುಗಿಯುತ್ತದೆ, ಹಾಗಾಗಿ ಇದು ಹತಾಶೆಯಲ್ಲ ಎನ್ನುವವರಿದ್ದಾರೆ. ತನ್ನ ದೇಹವಾದ ಸಭೆಯ ಪರವಾಗಿ, ನಮ್ಮ ದನಿಯಲ್ಲೇ ಕ್ರಿಸ್ತ ಕೂಗಿದ ಎಂದರು ಪ್ರಾಚೀನ ಸಭೆಯ ಬಿಷಪ್ ಅಗಸ್ಟೀನ್. ಆ ಆತ್ಮವೇದನೆ ನಿಜವಾದದ್ದೇ ಎಂದರು ಪ್ರಾಟೆಸ್ಟಂಟ್ ಸುಧಾರಕ ಕಾಲ್ವಿನ್. 1943ರಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬು ಬಿದ್ದಾಗ ಪಕ್ಕದಲ್ಲೇ ಗೆಳೆಯ ಸತ್ತದ್ದನ್ನು ಕಂಡ ಹುಡುಗ, ಮುಂದೆ ದೇವತಾಶಾಸ್ತ್ರಜ್ಞನಾದ ಜರ್ಮನಿಯ ಯೂರ್ಗೆನ್ ಮೋಲ್ಟ್‌ಮನ್. ಅವನು ಸ್ಕಾಟ್ಲೆಂಡಿನ ಯುದ್ಧಕೈದಿಗಳ ಶಿಬಿರದಲ್ಲಿ ಮಾರ್ಕನನ್ನು ಓದುತ್ತ ಇದೇ ಕೂಗಿನಲ್ಲಿ ತನ್ನನ್ನು ಬಲ್ಲವನೊಬ್ಬನನ್ನು ಕಂಡ. ದೇವರೇ ನೋವಿನೊಳಗಿದ್ದಾನೆ ಎಂದು ಅವನು ವಾದಿಸಿದ ಪುಸ್ತಕ 1972ರಲ್ಲಿ ಬಂತು.

ಮಾರ್ಕನಲ್ಲಿ ಯೇಸುವಿನ ಕೊನೆಯ ಮಾತು ಆ ಕೂಗೇ. ಅದಾದ ಮೇಲೆ ಮಾತಿಲ್ಲದ ಒಂದು ಮಹಾಧ್ವನಿ, ಸಾವು, ಅಷ್ಟೇ. ಏಳನ್ನೂ ಒಂದೇ ದಾರಕ್ಕೆ ಪೋಣಿಸಿದ ಸಂಪ್ರದಾಯ ಅದನ್ನು ತೆಗೆದುಹಾಕಲಿಲ್ಲ, ಕೊನೆಯಲ್ಲೂ ಇಡಲಿಲ್ಲ. ಹಿಂದೆ ಮೂರು, ಮುಂದೆ ಮೂರು, ನಟ್ಟನಡುವೆ ಇದನ್ನಿಟ್ಟಿತು. ಕ್ಷಮಿಸಿದವನೂ ಹೀಗೆ ಕೂಗಿದ, ಹೀಗೆ ಕೂಗಿದವನೇ ಕೊನೆಗೆ ಪ್ರಾಣ ಒಪ್ಪಿಸಿದ ಎಂದು ಆ ಕ್ರಮವೇ ಸಾರುತ್ತದೆ. ನನ್ನ ಪಾಲಿಗೆ ಎಲ್ಲ ವ್ಯಾಖ್ಯಾನಗಳಿಗಿಂತ ದೊಡ್ಡ ವ್ಯಾಖ್ಯಾನ ಇದು.

ನಾಲ್ಕನೆಯ ಪ್ರಸಂಗದ ಹೊತ್ತಿಗೆ ಮಧ್ಯಾಹ್ನ ಒಂದೂವರೆ ಆಗಿರುತ್ತದೆ. ಅಪ್ಪ ತೀರಿಕೊಂಡ ವರ್ಷ ಆ ಹೊತ್ತಿನಲ್ಲಿ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಯಾರೂ ಸುಮ್ಮನಿರು ಎನ್ನಲಿಲ್ಲ. ಇನ್ನೂ ಮೂರು ಮಾತುಗಳು ಬಾಕಿ ಇದ್ದವು. ಅವಳು ಎದ್ದು ಹೋಗದೆ ಕೂತೇ ಇದ್ದಳು.