ಬಾತುಕೋಳಿಯ ಮೊಟ್ಟೆಗಳಿಗೆ ಕಾವು ಕೊಡಿಸುವ ಕ್ರಮ ಮತ್ತು ಎಳೆಮರಿಗಳ ಪೋಷಣೆ

ಕೆರೆ ಕಾಲುವೆಗಳ ಕೆಳಗೆ ಗದ್ದೆಯುಳ್ಳ ಗ್ರಾಮಗಳಿಗೆ ಬಾತುಕೋಳಿಯು ಬಹಳ ಅನುಕೂಲವಾದ ಪಕ್ಷಿಯಾಗಿರುತ್ತದೆ. ಕೊಯ್ಲಾದ ಗದ್ದೆಯಲ್ಲಿ ಉದುರಿದ ಭತ್ತ, ಹುಳುಹುಪ್ಪಟೆ, ಬಸವನಹುಳು, ಪಾಚಿ ಮೊದಲಾದ ವ್ಯರ್ಥವಾಗತಕ್ಕ ವಸ್ತುಗಳನ್ನು ಅದು ತಿಂದು ಮೊಟ್ಟೆಯ ರೂಪದಲ್ಲಿ ಹಿಂದಿರುಗಿಸುತ್ತದೆ. ದನಕುರಿಗಳ ಪಿತ್ತಜನಕಾಂಗವನ್ನು ಕೆಡಿಸುವ ಚಪ್ಪಟೆಹುಳುವಿಗೆ ನೀರಿನ ಬಸವನಹುಳುವೇ ಆಶ್ರಯವಾದುದರಿಂದ, ಬಾತುಗಳ ಮೇವಿನಿಂದ ದನಕರುಗಳಿಗೂ ಒಂದು ಉಪಕಾರವುಂಟು. ಕೇರಳದ ಕುಟ್ಟನಾಡಿನಲ್ಲಿ ಚಾರ, ಚೆಂಬಲ್ಲಿ ಎಂಬ ನಾಡಜಾತಿಯ ಬಾತುಗಳನ್ನು ಕೊಯ್ಲಾದ ಗದ್ದೆಯಿಂದ ಗದ್ದೆಗೆ ಹೊಡೆದುಕೊಂಡು ಹೋಗಿ ಮೇಯಿಸಿ ಜೀವಿಸುವ ಕುಟುಂಬಗಳಿವೆ.

ಹೀಗಿದ್ದರೂ ಬಾತುಸಾಕಣೆಗೆ ಕೈಹಾಕಿದವರಲ್ಲಿ ಅನೇಕರು ಮೊದಲನೆಯ ವರ್ಷದಲ್ಲಿಯೇ ಅದನ್ನು ಬಿಟ್ಟುಬಿಡುವುದುಂಟು. ಕಾವಿಗಿಟ್ಟ ಮೊಟ್ಟೆಗಳಲ್ಲಿ ಅರ್ಧಪಾಲು ಕೊಳೆತುಹೋದುವೆಂದೂ, ಹೊರಬಂದ ಮರಿಗಳು ವಾರದೊಳಗೆ ಸತ್ತುವೆಂದೂ ಅವರು ಹೇಳುತ್ತಾರೆ. ಈ ನಷ್ಟಕ್ಕೆ ಸಾಮಾನ್ಯವಾದ ಕಾರಣವು ಬಾತನ್ನು ಕೋಳಿಯಂತೆಯೇ ನಡೆಸಿಕೊಳ್ಳುವುದು. ಬಾತಿನ ಮೊಟ್ಟೆಗೆ ಬೇಕಾದ ಕಾಲವೂ ತೇವವೂ ಬೇರೆ. ಬಾತಿನ ಮರಿಗೆ ಬೇಕಾದ ಆಹಾರವೂ ಬೇರೆ. ಇವನ್ನು ತಿಳಿದು ನಡೆದರೆ ನಷ್ಟದ ಬಹುಭಾಗವು ತಪ್ಪುತ್ತದೆ.

ಮೊಟ್ಟೆಗಳ ಆಯ್ಕೆ

ಮರಿಮಾಡಿಸತಕ್ಕ ಮೊಟ್ಟೆಗಳನ್ನು ಐದಾರು ಹೆಣ್ಣುಗಳಿಗೆ ಒಂದು ಗಂಡಿನಂತೆ ಇಟ್ಟಿರುವ ಆರೋಗ್ಯವಾದ ಹಿಂಡಿನಿಂದಲೇ ತೆಗೆದುಕೊಳ್ಳಬೇಕು. ಬಾತುಗಳು ಬೆಳಗಿನ ಜಾವದಲ್ಲಿ ಮೊಟ್ಟೆಯಿಡುವ ಸ್ವಭಾವವುಳ್ಳವು. ಬೆಳಗಾದೊಡನೆ ಅವನ್ನು ಹೊರಗೆ ಬಿಟ್ಟರೆ ಕೆರೆಯಂಚಿನ ಕೆಸರಿನಲ್ಲಿಯೋ ಪೊದೆಗಳಲ್ಲಿಯೋ ಮೊಟ್ಟೆಯನ್ನು ಹಾಕಿಬಿಡುತ್ತವೆ. ಆದಕಾರಣ ಒಂಬತ್ತು ಘಂಟೆಯವರೆಗೆ ಗೂಡಿನಲ್ಲಿಯೇ ಇಟ್ಟುಕೊಂಡು, ನೆಲಕ್ಕೆ ಒಣಹುಲ್ಲನ್ನು ಹಾಸಿರಬೇಕು. ಇದರಿಂದ ಮೊಟ್ಟೆಗಳು ಕೈಗೆ ಸಿಕ್ಕುವುದಲ್ಲದೆ ಶುಚಿಯಾಗಿಯೂ ಇರುತ್ತವೆ.

ಒಡಕು, ವಕ್ರಾಕಾರ, ಅತಿ ಸಣ್ಣದು, ಅತಿ ದೊಡ್ಡದು ಇವುಗಳನ್ನು ಅಡಿಗೆಗೆ ಉಪಯೋಗಿಸಬಹುದೇ ಹೊರತು ಕಾವಿಗೆ ಇಡಕೂಡದು. ಮೊಟ್ಟೆಯ ಓಡಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮರಂಧ್ರಗಳಿವೆ. ಮೊಟ್ಟೆಯನ್ನು ತಣ್ಣೀರಿನಲ್ಲಿ ತೊಳೆದರೆ ಒಳಗಿನ ವಸ್ತುವು ಕುಗ್ಗಿ, ಹೊರಗಿನ ಕೊಳೆಯೂ ರೋಗಾಣುಗಳೂ ಆ ರಂಧ್ರಗಳ ಮೂಲಕ ಒಳಗೆ ಸೆಳೆಯಲ್ಪಡುತ್ತವೆ. ಅಲ್ಪಸ್ವಲ್ಪ ಮಣ್ಣಿದ್ದರೆ ಒಣಬಟ್ಟೆಯಿಂದ ಒರಸುವುದೇ ಮೇಲು. ಆಯ್ದ ಮೊಟ್ಟೆಗಳನ್ನು ಚೂಪುತುದಿ ಕೆಳಗಾಗಿ ತಂಪಾದ ಕೋಣೆಯಲ್ಲಿಟ್ಟು, ಏಳು ದಿವಸಗಳೊಳಗೆ ಕಾವಿಗೆ ಇಡಬೇಕು. ಬೇಸಗೆಯಲ್ಲಿ ಇನ್ನೂ ಬೇಗ ಇಡುವುದು ಲೇಸು.

ಕಾವಿನ ಅವಧಿ

ಕೋಳಿಯ ಮೊಟ್ಟೆಗೆ 21 ದಿವಸ ಕಾವು ಬೇಕು. ಬಾತಿನ ಮೊಟ್ಟೆಗೆ 28 ದಿವಸ ಬೇಕು. ಮಸ್ಕೊವಿ ಎಂಬ ಕೆಂಪುಮುಖದ ಜಾತಿಗೆ ಮಾತ್ರ ಸುಮಾರು 35 ದಿವಸ ಹಿಡಿಯುತ್ತದೆ. ಇಪ್ಪತ್ತೊಂದು ದಿವಸ ಕಳೆದು ಎರಡು ಮೂರು ದಿವಸವಾದರೂ ಮರಿ ಕಾಣದೆಂದು ಜೀವವಿದ್ದ ಮೊಟ್ಟೆಗಳನ್ನು ತಿಪ್ಪೆಗೆ ಎಸೆದ ಸಂದರ್ಭಗಳು ಗ್ರಾಮಗಳಲ್ಲಿ ಉಂಟು. ಇಟ್ಟ ದಿನವನ್ನು ಗೋಡೆಯ ಮೇಲೆಯಾದರೂ ಬರೆದಿಟ್ಟುಕೊಂಡರೆ ಇಂಥ ತಪ್ಪಿಗೆ ಅವಕಾಶವಿರುವುದಿಲ್ಲ.

ಹೇಂಟೆಯ ಕೆಳಗೆ ಇಡುವ ಕ್ರಮ

ಕಾಕಿ ಕ್ಯಾಂಪ್‌ಬೆಲ್, ಇಂಡಿಯನ್ ರನ್ನರ್ ಮೊದಲಾದ ಹೆಚ್ಚು ಮೊಟ್ಟೆಯಿಡುವ ಜಾತಿಗಳು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಮಸ್ಕೊವಿಯು ತಾನೇ ಕೂತು ಮರಿ ಮಾಡಬಲ್ಲುದು. ಉಳಿದವುಗಳಿಗೆ ನಾಟಿಕೋಳಿಯ ಹೇಂಟೆಯೇ ಆಧಾರವು. ಬಾತಿನ ಮೊಟ್ಟೆಯು ದೊಡ್ಡದಾದುದರಿಂದ ಒಂದು ಹೇಂಟೆಗೆ ಎಂಟು ಹತ್ತು ಮೊಟ್ಟೆಗಳಿಗಿಂತ ಹೆಚ್ಚಾಗಿ ಇಡಕೂಡದು. ಲೋಭದಿಂದ ಹದಿನೈದು ಇಟ್ಟರೆ, ಅಂಚಿಗೆ ಸರಿದ ಮೊಟ್ಟೆಗಳು ದಿನಕ್ಕೊಂದೊಂದಾಗಿ ತಣ್ಣಗಾಗಿ ಎಲ್ಲವೂ ಕೆಡುವ ಸಂಭವವಿರುತ್ತದೆ.

ಹೇಂಟೆಯು ನಿಜವಾಗಿ ಕಾವಿಗೆ ಬಂದಿದೆಯೇ ಎಂಬುದನ್ನು ಎರಡು ದಿವಸ ಬೇರೆ ಮೊಟ್ಟೆಗಳ ಮೇಲೆ ಕೂರಿಸಿ ಪರೀಕ್ಷಿಸಿ, ಅನಂತರ ರಾತ್ರಿಯ ವೇಳೆ ಬಾತಿನ ಮೊಟ್ಟೆಗಳನ್ನು ಅದರ ಕೆಳಗೆ ಇಡಬೇಕು. ಅದಕ್ಕೆ ಹೇನು ಇರಕೂಡದು. ಹತ್ತಿರದಲ್ಲಿ ಒಣಬೂದಿಯ ಗುಂಡಿಯಿದ್ದರೆ ಅದು ಹೊರಳಾಡಿ ಶುಚಿಯಾಗುತ್ತದೆ. ದಿನಕ್ಕೊಮ್ಮೆ ಗೂಡಿನಿಂದ ಎಬ್ಬಿಸಿ, ರಾಗಿ ಅಥವಾ ಜೋಳ ಮತ್ತು ನೀರನ್ನು ಕೊಟ್ಟು, ಹದಿನೈದು ಇಪ್ಪತ್ತು ನಿಮಿಷಗಳೊಳಗೆ ಮರಳಿ ಕೂರಿಸಬೇಕು. ದೊಡ್ಡ ಮೊಟ್ಟೆಗಳನ್ನು ಹೊರಳಿಸಲು ಸಣ್ಣ ಹೇಂಟೆಗೆ ಶಕ್ತಿ ಸಾಲದು. ಆದ್ದರಿಂದ ಪ್ರತಿ ಮೊಟ್ಟೆಯ ಒಂದು ಪಕ್ಕಕ್ಕೆ ಸೀಸದಕಡ್ಡಿಯಿಂದ ಗುರುತು ಮಾಡಿ, ದಿನಕ್ಕೆ ಎರಡು ಮೂರು ಸಲ ಕೈಯಿಂದ ತಿರುಗಿಸಬೇಕು. ಹೊರಳಿಸದಿದ್ದರೆ ಪಿಂಡವು ಓಡಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ.

ತಾಯಿಬಾತು ನೀರಿಗಿಳಿದು ಒದ್ದೆ ಗರಿಗಳೊಡನೆ ಗೂಡಿಗೆ ಬರುವುದರಿಂದ ಮೊಟ್ಟೆಗಳಿಗೆ ತೇವವು ಸಹಜವಾಗಿ ದೊರೆಯುತ್ತದೆ. ಹೇಂಟೆಯು ಒಣಮೈಯಿಂದಲೇ ಕೂರತಕ್ಕದ್ದು. ಈ ಕೊರತೆಯನ್ನು ಮನುಷ್ಯನು ತುಂಬಬೇಕು. ಎರಡನೆಯ ವಾರದಿಂದ, ಹೇಂಟೆಯು ಎದ್ದಿರುವಾಗ, ಉಗುರುಬೆಚ್ಚನೆಯ ನೀರನ್ನು ಬೆರಳುಗಳಿಂದ ಮೊಟ್ಟೆಗಳ ಮೇಲೆ ತೆಳುವಾಗಿ ಚಿಮುಕಿಸಬೇಕು. ಮೂರು ವಾರ ಕಳೆದೊಡನೆ ಕೆಲವು ಹೇಂಟೆಗಳು ಬೇಸತ್ತು ಎದ್ದುಹೋಗುತ್ತವೆ. ಅಂಥ ಸಮಯಕ್ಕಾಗಿ ಕಾವಿಗೆ ಬಂದಿರುವ ಇನ್ನೊಂದು ಹೇಂಟೆಯನ್ನು ಗೊತ್ತುಮಾಡಿಕೊಂಡು, ರಾತ್ರಿಯಲ್ಲಿ ಬದಲಾಯಿಸಬೇಕು.

ಯಂತ್ರದ ಕಾವು

ಹೆಚ್ಚು ಮೊಟ್ಟೆಗಳಿದ್ದಲ್ಲಿ ಕಾವುಪೆಟ್ಟಿಗೆಯು ಅವಶ್ಯವು. ಗಾಳಿಯಾಡಿಸುವ ಬೀಸಣಿಗೆಯುಳ್ಳ ಯಂತ್ರದಲ್ಲಿ 99.5 ಡಿಗ್ರಿ ಫಾರನ್‌ಹೀಟ್, ಅಂದರೆ 37.5 ಡಿಗ್ರಿ ಸೆಂಟಿಗ್ರೇಡ್ ಉಷ್ಣವಿರಬೇಕು. ಬೀಸಣಿಗೆಯಿಲ್ಲದ ಪೆಟ್ಟಿಗೆಯಲ್ಲಿ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದಾಗ ಸುಮಾರು 101 ಡಿಗ್ರಿ ಫಾರನ್‌ಹೀಟ್ ಇರಬೇಕು. ದಿನಕ್ಕೆ ನಾಲ್ಕು ಸಲವಾದರೂ ಮೊಟ್ಟೆಗಳನ್ನು ಹೊರಳಿಸಿ, 25ನೆಯ ದಿವಸ ಹೊರಳಿಸುವುದನ್ನು ನಿಲ್ಲಿಸಬೇಕು. ಅಲ್ಲಿಂದ ಮುಂದಕ್ಕೆ ತೇವವನ್ನು ಹೆಚ್ಚಿಸಿ, ಮುಚ್ಚಳವನ್ನು ಪದೇಪದೇ ತೆರೆಯದಿರುವುದು ಮುಖ್ಯ.

ಬೆಳಕಿನಲ್ಲಿ ಪರೀಕ್ಷೆ

ಏಳನೆಯ ದಿವಸ ಕತ್ತಲೆಯ ಕೋಣೆಯಲ್ಲಿ ಪ್ರತಿ ಮೊಟ್ಟೆಯನ್ನೂ ಬ್ಯಾಟರಿ ದೀಪದ ಬೆಳಕಿಗೆ ಹಿಡಿದು ನೋಡಬೇಕು. ಜೀವವಿರುವ ಮೊಟ್ಟೆಯಲ್ಲಿ ಒಂದು ಕಪ್ಪುಚುಕ್ಕೆಯೂ ಅದರ ಸುತ್ತ ಜೇಡನ ಕಾಲುಗಳಂತೆ ಹರಡಿದ ರಕ್ತನಾಳಗಳೂ ಕಾಣುತ್ತವೆ. ಪೂರ್ತಿ ತಿಳಿಯಾಗಿರುವುದು ಬಂಜೆಮೊಟ್ಟೆ. ನಾಳಗಳಿಲ್ಲದೆ ರಕ್ತದ ಉಂಗುರ ಮಾತ್ರ ಕಾಣುವುದು ಸತ್ತ ಮೊಟ್ಟೆ. ಇವುಗಳನ್ನು ತೆಗೆದುಹಾಕದಿದ್ದರೆ, ಕೊಳೆತು ಸಿಡಿದು ಒಳ್ಳೆಯ ಮೊಟ್ಟೆಗಳನ್ನೂ ಕೆಡಿಸುತ್ತವೆ. ಎರಡನೆಯ ವಾರದ ಕೊನೆಯಲ್ಲಿ ಇನ್ನೊಮ್ಮೆ ನೋಡತಕ್ಕದ್ದು.

ಮರಿ ಹೊರಬರುವ ಸಮಯ

ಓಡಿನಲ್ಲಿ ಮೊದಲ ಬಿರುಕು ಕಂಡ ಮೇಲೆ ಮರಿಯು ಹೊರಬರಲು ಒಂದು ದಿನವೂ ಕೆಲವು ವೇಳೆ ಅದಕ್ಕಿಂತ ಹೆಚ್ಚೂ ಹಿಡಿಯುತ್ತದೆ. ಆ ಅವಧಿಯಲ್ಲಿ ಮರಿಯು ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಒಳಪೊರೆಯ ನಾಳಗಳಲ್ಲಿ ಇನ್ನೂ ರಕ್ತವಿರುತ್ತದೆ. ಕನಿಕರದಿಂದ ಓಡನ್ನು ಕಿತ್ತು ಮರಿಯನ್ನು ಎಳೆಯುವವರು ರಕ್ತಸ್ರಾವದಿಂದ ಅದನ್ನು ಕೊಂದಂತಾಗುತ್ತದೆ. ಸಹನೆಯಿಂದ ಕಾಯುವುದೇ ಇಲ್ಲಿ ಮಾಡತಕ್ಕ ಉಪಕಾರವು. ಮರಿಗಳು ಒಣಗಿ ತುಪ್ಪಳವು ಅರಳಿದ ಮೇಲೆಯೇ ಅವನ್ನು ಬೇರೆ ಎಡೆಗೆ ಸಾಗಿಸಬೇಕು.

ಬೆಚ್ಚಗಿನ ಎಡೆ ಮತ್ತು ನೀರು

ಮೊದಲನೆಯ ವಾರ ಮರಿಗಳಿರುವಲ್ಲಿ ಸುಮಾರು 90 ಡಿಗ್ರಿ ಫಾರನ್‌ಹೀಟ್ ಉಷ್ಣವಿರಬೇಕು. ವಾರಕ್ಕೆ ಐದು ಡಿಗ್ರಿಯಂತೆ ತಗ್ಗಿಸುತ್ತ ನಾಲ್ಕನೆಯ ವಾರಕ್ಕೆ 75 ಡಿಗ್ರಿಗೆ ತರಬಹುದು. ಉಷ್ಣಮಾಪಕವಿಲ್ಲದವರು ಮರಿಗಳ ನಡತೆಯಿಂದಲೇ ತಿಳಿಯಬಹುದು. ದೀಪದ ಕೆಳಗೆ ಒಂದರ ಮೇಲೊಂದು ಬಿದ್ದು ಕೂಗಿದರೆ ಚಳಿ. ದೂರ ಸರಿದು ಬಾಯ್ತೆರೆದು ಏದಿದರೆ ಸೆಕೆ. ಸಮವಾಗಿ ಹರಡಿ ಮಲಗಿದರೆ ಹಿತ. ನೆಲಕ್ಕೆ ಭತ್ತದ ಹೊಟ್ಟನ್ನು ಹರಡಿ, ಒದ್ದೆಯಾದುದನ್ನು ದಿನವೂ ತೆಗೆಯಬೇಕು. ನುಣುಪಾದ ಕಾಗದ ಹಾಸಿದರೆ ಕಾಲು ಜಾರಿ ಮರಿಗಳು ಕುಂಟಾಗುತ್ತವೆ. ಇಲಿ, ಹೆಗ್ಗಣ, ಮುಂಗುಸಿ, ಹಾವುಗಳು ನುಗ್ಗದಂತೆ ಸಣ್ಣ ಕಣ್ಣಿನ ಜಾಲರಿಯನ್ನು ಹಾಕಿಸತಕ್ಕದ್ದು.

ಬಾತಿನ ಮರಿಯನ್ನು ಹುಟ್ಟಿದೊಡನೆ ನೀರಿಗೆ ಬಿಡಬಹುದೆಂಬ ನಂಬಿಕೆಯು ಅಪಾಯಕರವಾದುದು. ಹೇಂಟೆಯ ಕೆಳಗೋ ಯಂತ್ರದಲ್ಲೋ ಹುಟ್ಟಿದ ಮರಿಯ ತುಪ್ಪಳವು ಬೇಗನೆ ನೀರನ್ನು ಹೀರಿ, ಮರಿಯು ನಡುಗಿ ಸಾಯುತ್ತದೆ. ಮೂರು ನಾಲ್ಕು ವಾರಗಳವರೆಗೆ ಈಜಲು ಬಿಡಬಾರದು. ಆದರೆ ಕುಡಿಯುವ ನೀರು ಮೂಗಿನ ರಂಧ್ರಗಳು ಮುಳುಗುವಷ್ಟು, ಅಂದರೆ ಎರಡು ಮೂರು ಅಂಗುಲ, ಆಳವಿರಬೇಕು. ಇಲ್ಲವಾದರೆ ಮೂಗಿಗೂ ಕಣ್ಣಿಗೂ ಆಹಾರವು ಅಂಟಿ ಕೆಡುತ್ತದೆ. ತಲೆ ಮಾತ್ರ ತೂರುವಂತೆ ಪಾತ್ರೆಯ ಸುತ್ತ ಕಡ್ಡಿಗಳನ್ನು ಕಟ್ಟಿದರೆ ಎರಡು ಉದ್ದೇಶವೂ ನೆರವೇರುತ್ತದೆ.

ಆಹಾರ

ಬಾತಿನ ಮರಿಯು ಒಣಹಿಟ್ಟನ್ನು ನುಂಗಲಾರದು. ನುಚ್ಚು, ತೌಡು, ಹಿಂಡಿ, ಒಣಮೀನಿನ ಪುಡಿ ಇವುಗಳನ್ನು ನೀರಿನಲ್ಲಿ ಕಲಸಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಉಳಿದುದು ಹುಳಿಯುವ ಮೊದಲೇ ತೆಗೆಯಬೇಕು. ಮೊದಲ ವಾರಗಳ ಆಹಾರದಲ್ಲಿ ನೂರಕ್ಕೆ 20ರಷ್ಟು ಸಸಾರಜನಕವಿರುವುದು ಅವಶ್ಯ. ನಯಾಸಿನ್ ಎಂಬ ಜೀವಸತ್ವವು ಕೋಳಿಮರಿಗಿಂತ ಬಾತಿನ ಮರಿಗೆ ಹೆಚ್ಚು ಬೇಕು. ಅದು ಸಾಲದಿದ್ದರೆ ಕಾಲುಗಳು ಬಾಗುತ್ತವೆ. ಒಣಮೀನು ಮತ್ತು ಯೀಸ್ಟ್ ಈ ಕೊರತೆಯನ್ನು ನೀಗಿಸುತ್ತವೆ.

ಎಲ್ಲಕ್ಕಿಂತಲೂ ಎಚ್ಚರಿಕೆಯಿಂದ ಪಾಲಿಸತಕ್ಕ ನಿಯಮವು ಒಂದುಂಟು: ಬೂಷ್ಟು ಹಿಡಿದ ಹಿಂಡಿಯನ್ನಾಗಲಿ ಧಾನ್ಯವನ್ನಾಗಲಿ ಬಾತುಗಳಿಗೆ ಎಂದಿಗೂ ಕೊಡಕೂಡದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಯ ಮರಿಗಳು ಸತ್ತುವು. ಬಾತಿನ ಮರಿಗಳೂ ಸತ್ತುವು. ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದಿದ್ದ ಬೂಷ್ಟೇ ಕಾರಣವೆಂದು ಪರಿಶೋಧನೆಯಿಂದ ತಿಳಿದು, ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದಿತು. ಸಾಕುಪಕ್ಷಿಗಳಲ್ಲಿ ಈ ವಿಷಕ್ಕೆ ಅತ್ಯಂತ ಬೇಗ ಬಲಿಯಾಗುವುದು ಬಾತಿನ ಮರಿ. ಬೇಯಿಸಿದರೂ ಬಿಸಿಲಿಗೆ ಹಾಕಿದರೂ ಈ ವಿಷವು ಪೂರ್ತಿಯಾಗಿ ಹೋಗುವುದಿಲ್ಲ. ಮಳೆಗಾಲದಲ್ಲಿ ನೆನೆದ ಹಿಂಡಿಯನ್ನು ದಾಕ್ಷಿಣ್ಯವಿಲ್ಲದೆ ಗೊಬ್ಬರದ ಗುಂಡಿಗೆ ಹಾಕುವುದೇ ಲಾಭಕರವು.

ರೋಗ ಮತ್ತು ಗ್ರಾಮದ ಹೊಣೆ

ಬಾತುಪ್ಲೇಗು ಮತ್ತು ಬಾತುಕಾಲರಾ ಎಂಬ ರೋಗಗಳಿಗೆ ಲಸಿಕೆಗಳುಂಟು. ಪಶುವೈದ್ಯರನ್ನು ಕೇಳಿ ತಕ್ಕ ವಯಸ್ಸಿನಲ್ಲಿ ಹಾಕಿಸಬೇಕು. ಹಕ್ಕಿಜ್ವರದ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. 2014ರಲ್ಲಿ ಕುಟ್ಟನಾಡಿನ ಬಾತುಗಳಲ್ಲಿ ಈ ರೋಗವು ಕಾಣಿಸಿಕೊಂಡು, ಅಪಾರ ಸಂಖ್ಯೆಯ ಬಾತುಗಳನ್ನು ನಾಶಪಡಿಸಬೇಕಾಯಿತು. ಪಕ್ಷಿಗಳು ಒಮ್ಮೆಲೆ ಸಾಯತೊಡಗಿದರೆ ಅವನ್ನು ಕೆರೆಗೆ ಎಸೆಯುವುದಾಗಲಿ, ಉಳಿದವನ್ನು ಅವಸರದಿಂದ ಸಂತೆಗೆ ಸಾಗಿಸುವುದಾಗಲಿ ಕೂಡದು. ಗ್ರಾಮದ ಮುಖಂಡರು ಆ ದಿನವೇ ಪಶುವೈದ್ಯಶಾಲೆಗೆ ಸುದ್ದಿ ಮುಟ್ಟಿಸತಕ್ಕದ್ದು. ಮರೆಮಾಚಿದರೆ ಒಂದು ಮನೆಯ ನಷ್ಟವು ಹೋಬಳಿಯ ನಷ್ಟವಾಗುತ್ತದೆ.

ಬಾತುಸಾಕಣೆಯ ಆದಾಯವು ಹೆಚ್ಚಾಗಿ ಬಡ ಒಕ್ಕಲುಮನೆಯ ಹೆಂಗಸರ ಕೈಗೆ ಸೇರತಕ್ಕದ್ದು. ಹತ್ತು ಮರಿಗಳು ಸತ್ತರೆ ಅಂಥ ಮನೆಯ ಆ ವರ್ಷದ ಉಪ್ಪು ಎಣ್ಣೆಯ ಕಾಸೇ ಹೋದಂತೆ. ಗದ್ದೆಯುಳ್ಳ ಜಮೀನುದಾರರು ಕೊಯ್ಲಿನ ತರುವಾಯ ನೆರೆಯವರ ಬಾತುಗಳನ್ನು ಮೇಯಲು ಬಿಡಬಹುದು; ಊರಿಗೊಂದು ಒಳ್ಳೆಯ ಗಂಡುಬಾತನ್ನು ತರಿಸಿಕೊಡಬಹುದು; ಒಂದು ಸಣ್ಣ ಕಾವುಪೆಟ್ಟಿಗೆಯನ್ನು ಎಲ್ಲರ ಉಪಯೋಗಕ್ಕೆ ಇಡಬಹುದು. ಬರುವ ಸುಗ್ಗಿಗೆ ಮೊದಲು ಒಂದು ಹೇಂಟೆ, ಎಂಟು ಮೊಟ್ಟೆ, ಇಪ್ಪತ್ತೆಂಟು ದಿವಸಗಳ ಸಹನೆ ಇಷ್ಟರಿಂದಲೇ ಪ್ರತಿ ಗ್ರಾಮವೂ ಈ ಕೆಲಸವನ್ನು ಆರಂಭಿಸಬಹುದಾಗಿದೆ.